ದೊಡ್ಡ ಲ್ಯಾಪ್‌ಟಾಪಿಗೆ ಹೆಚ್ಚು ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರ್ ಆರಿಸುವುದು ಹೇಗೆ

ಹದಿನಾರು ಇಂಚಿನ ಪರದೆಯೂ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೂ ಇರುವ ಲ್ಯಾಪ್‌ಟಾಪ್ ಬಳಸುವವರಲ್ಲಿ ಹಲವರು ಇದನ್ನು ಕಂಡಿರುತ್ತಾರೆ: ಚಾರ್ಜರ್ ಸಿಕ್ಕಿಸಿದೆ, ಚಾರ್ಜ್ ಆಗುತ್ತಿರುವ ಗುರುತೂ ಪರದೆಯ ಮೂಲೆಯಲ್ಲಿದೆ, ಆದರೂ ದೊಡ್ಡದೊಂದು ವಿಡಿಯೊ ರೆಂಡರ್ ಆಗಿ ಮುಗಿಯುವ ಹೊತ್ತಿಗೆ ಬ್ಯಾಟರಿ ಶೇಕಡಾ 80ರಿಂದ 65ಕ್ಕೆ ಇಳಿದಿರುತ್ತದೆ. ನನಗೂ ಹೀಗೆಯೇ ಆಯಿತು. ಪೆಟ್ಟಿಗೆಯ ಮೇಲೆ 140 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಚಾರ್ಜರೊಂದನ್ನು ತಂದೆ. ಅದರ ಜೊತೆ ಕೇಬಲ್ ಇರಲಿಲ್ಲವಾದ್ದರಿಂದ, ಹಿಂದೆ ಫೋನಿನ ಜೊತೆ ಬಂದು ಮೇಜಿನ ಡ್ರಾಯರ್‌ನಲ್ಲಿ ಉಳಿದಿದ್ದ ಕೇಬಲನ್ನೇ ಹಾಕಿದೆ. ಎರಡು ವಾರ ಚಾರ್ಜರನ್ನು ದೂರುತ್ತಾ ಕಳೆದೆ. ಕೊನೆಗೆ ನಡುವೆ ಒಂದು ಪವರ್ ಮೀಟರ್ ಸೇರಿಸಿದಾಗ ಅದು ತೋರಿಸಿದ್ದು 19.6 ವೋಲ್ಟ್, 2.9 ಆಂಪ್, ಅಂದರೆ ಸುಮಾರು 57 ವ್ಯಾಟ್. ಚಾರ್ಜರಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಕೇಬಲಿಗೆ 3 ಆಂಪಿಗಿಂತ ಹೆಚ್ಚು ಒಯ್ಯುವ ಅರ್ಹತೆ ಇರಲಿಲ್ಲ, ಅದನ್ನು ಗುರುತಿಸಿದ ಚಾರ್ಜರ್ ಅಷ್ಟಕ್ಕೇ ನಿಂತಿತ್ತು.

ಆದ್ದರಿಂದ ಚಾರ್ಜರ್ ಆರಿಸುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದು: ಲ್ಯಾಪ್‌ಟಾಪಿಗೆ ತಲುಪುವ ವಿದ್ಯುತ್ತನ್ನು ಚಾರ್ಜರ್, ಕೇಬಲ್ ಮತ್ತು ಲ್ಯಾಪ್‌ಟಾಪಿನ ಪೋರ್ಟ್ ಮೂರೂ ಸೇರಿ ನಿರ್ಧರಿಸುತ್ತವೆ, ಮೂರರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ಎಲ್ಲದರ ಮಿತಿಯಾಗುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಈ ಮೂರರಲ್ಲಿ ಒಂದರ ಗರಿಷ್ಠವನ್ನಷ್ಟೇ ಹೇಳುತ್ತದೆ.

ಲ್ಯಾಪ್‌ಟಾಪಿನ ಅಗತ್ಯವೆಷ್ಟು ಎಂಬುದರಿಂದ ಆರಂಭಿಸುವುದು ಒಳ್ಳೆಯದು. ಅದರ ಜೊತೆ ಬಂದ ಮೂಲ ಅಡಾಪ್ಟರಿನ ಅಡಿಭಾಗವನ್ನು ಬೆಳಕಿಗೆ ಹಿಡಿದು ನೋಡಿದರೆ, ಔಟ್‌ಪುಟ್ ಎಂಬ ಪದದ ಮುಂದೆ ವೋಲ್ಟ್ ಮತ್ತು ಆಂಪ್ ಅಂಕಿಗಳು ಸಣ್ಣ ಅಕ್ಷರದಲ್ಲಿರುತ್ತವೆ. ಎರಡನ್ನೂ ಗುಣಿಸಿದರೆ ಬರುವುದೇ ವ್ಯಾಟ್. 20 ವೋಲ್ಟ್, 5 ಆಂಪ್ ಎಂದಿದ್ದರೆ 100 ವ್ಯಾಟ್. 28 ವೋಲ್ಟ್, 5 ಆಂಪ್ ಎಂದಿದ್ದರೆ 140 ವ್ಯಾಟ್. ಇದರ ಜೊತೆಗೆ, ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಪೋರ್ಟ್ ಎಷ್ಟು ವ್ಯಾಟ್ ಒಳಗೆ ತೆಗೆದುಕೊಳ್ಳಬಲ್ಲದು ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ಬೇರೆಯಾಗಿಯೇ ಹುಡುಕಬೇಕು, ಏಕೆಂದರೆ ಮೂಲ ಅಡಾಪ್ಟರಿನ ಸಂಖ್ಯೆಯೂ ಪೋರ್ಟಿನ ಸಾಮರ್ಥ್ಯವೂ ಒಂದೇ ಆಗಿರಬೇಕೆಂದಿಲ್ಲ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಈ ಅಂತರ ತುಂಬಾ ದೊಡ್ಡದು: ಗುಂಡನೆಯ ಅಥವಾ ಚೌಕಾಕಾರದ ತನ್ನದೇ ಪಿನ್ನಿನ ಮೂಲಕ 230 ಅಥವಾ 330 ವ್ಯಾಟ್ ಪಡೆಯುವ ಯಂತ್ರವೇ ಯುಎಸ್‌ಬಿ-ಸಿ ಮೂಲಕ 100 ಅಥವಾ 140 ವ್ಯಾಟನ್ನು ಮಾತ್ರ ಸ್ವೀಕರಿಸುತ್ತದೆ, ಆಗ ಗ್ರಾಫಿಕ್ಸ್ ಚಿಪ್ಪಿನ ವೇಗವನ್ನೂ ತಾನೇ ತಗ್ಗಿಸಿಕೊಳ್ಳುತ್ತದೆ. ಅಂಥ ಯಂತ್ರಕ್ಕೆ 240 ವ್ಯಾಟ್‌ನ ಚಾರ್ಜರ್ ಕೊಂಡರೂ ಆಟದ ವೇಗ ಹೆಚ್ಚುವುದಿಲ್ಲ. ಪ್ರಯಾಣದಲ್ಲಿ ಬರೆಯಲು, ಓದಲು, ಸಭೆಗಳಿಗೆ ಅದನ್ನು ಬಳಸುವುದಾದರೆ 100 ವ್ಯಾಟ್‌ನದೇ ಸಾಕು, ಭಾರವಾದ ಮೂಲ ಅಡಾಪ್ಟರನ್ನು ಮನೆಯಲ್ಲೇ ಬಿಡಬಹುದು.

ಒಂದೇ ಯಂತ್ರದ ಪೋರ್ಟುಗಳಲ್ಲೂ ವ್ಯತ್ಯಾಸವಿರುವುದುಂಟು. 2021ರಲ್ಲಿ ಬಂದ 16 ಇಂಚಿನ ಮ್ಯಾಕ್‌ಬುಕ್ ಪ್ರೊ ಜೊತೆ 140 ವ್ಯಾಟ್‌ನ ಯುಎಸ್‌ಬಿ-ಸಿ ಅಡಾಪ್ಟರ್ ಇತ್ತು, ಆದರೆ ಅಷ್ಟೂ ವಿದ್ಯುತ್ ಒಳಗೆ ಹೋಗುತ್ತಿದ್ದುದು ಮ್ಯಾಗ್‌ಸೇಫ್ ಎಂಬ, ಅಯಸ್ಕಾಂತದಿಂದ ಅಂಟಿಕೊಳ್ಳುವ ಕೇಬಲಿನ ಮೂಲಕ ಮಾತ್ರ. ಪಕ್ಕದ ಯುಎಸ್‌ಬಿ-ಸಿ ಪೋರ್ಟುಗಳಿಗೆ 100 ವ್ಯಾಟ್‌ನ ಮಿತಿಯಿತ್ತು. ಬೇರೆ ಕೆಲವು ಲ್ಯಾಪ್‌ಟಾಪುಗಳಲ್ಲಿ ಎಡಬದಿಯ ಪೋರ್ಟ್ ಚಾರ್ಜ್ ಸ್ವೀಕರಿಸುತ್ತದೆ, ಬಲಬದಿಯದು ದತ್ತಾಂಶಕ್ಕೆ ಮಾತ್ರ ಮೀಸಲಾಗಿರುತ್ತದೆ.

ಇನ್ನು ಚಾರ್ಜರಿನ ವಿಷಯ. ಯುಎಸ್‌ಬಿ ಪವರ್ ಡೆಲಿವರಿ (ಪಿಡಿ) ಎಂಬ ಒಪ್ಪಂದದ ಭಾಷೆಯಲ್ಲಿ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮಾತನಾಡಿಕೊಳ್ಳುತ್ತವೆ. ಕೇಬಲ್ ಸೇರಿದೊಡನೆ ಚಾರ್ಜರ್ ತಾನು ಯಾವ ಯಾವ ವೋಲ್ಟೇಜಿನಲ್ಲಿ ಎಷ್ಟು ಆಂಪ್ ಕೊಡಬಲ್ಲೆ ಎಂಬ ಪಟ್ಟಿಯನ್ನು ಮುಂದಿಡುತ್ತದೆ, ಲ್ಯಾಪ್‌ಟಾಪ್ ಅದರಲ್ಲಿ ತನಗೆ ಹೊಂದುವುದನ್ನು ಕೇಳುತ್ತದೆ, ಒಪ್ಪಿಗೆಯಾದ ಮೇಲೆಯೇ ವೋಲ್ಟೇಜ್ 5ರಿಂದ ಮೇಲೇರುತ್ತದೆ. ದೊಡ್ಡ ಚಾರ್ಜರ್ ಹಾಕಿದರೆ ಸಣ್ಣ ಲ್ಯಾಪ್‌ಟಾಪ್ ಕೆಟ್ಟುಹೋದೀತು ಎಂಬ ಭಯಕ್ಕೆ ಆಧಾರವಿಲ್ಲ. ನಿಯಮದಂತೆ ತಯಾರಾದ 240 ವ್ಯಾಟ್ ಚಾರ್ಜರಿಗೆ ಫೋನನ್ನು ಸಿಕ್ಕಿಸಿದರೂ ಫೋನ್ ಕೇಳಿದಷ್ಟೇ ಅದಕ್ಕೆ ಸಿಗುತ್ತದೆ.

ಬಹಳ ಕಾಲ ಈ ಪಟ್ಟಿ 5, 9, 15 ಮತ್ತು 20 ವೋಲ್ಟ್ ಎಂಬ ನಾಲ್ಕು ಮೆಟ್ಟಿಲುಗಳಿಗೆ ಸೀಮಿತವಾಗಿತ್ತು. ಯುಎಸ್‌ಬಿ-ಸಿ ಕೇಬಲಿನಲ್ಲಿ 5 ಆಂಪಿಗಿಂತ ಹೆಚ್ಚು ಹರಿಸಲು ನಿಯಮ ಬಿಡುವುದಿಲ್ಲವಾದ್ದರಿಂದ 20 ವೋಲ್ಟಿನಲ್ಲಿ 100 ವ್ಯಾಟೇ ಕೊನೆಯಾಗಿತ್ತು. 2021ರಲ್ಲಿ ಪ್ರಕಟವಾದ ಪಿಡಿ 3.1 ಆವೃತ್ತಿ ಆಂಪನ್ನು ಅಲ್ಲಿಯೇ ಬಿಟ್ಟು ವೋಲ್ಟೇಜನ್ನು ಏರಿಸಿತು: 28 ವೋಲ್ಟಿನಲ್ಲಿ 140 ವ್ಯಾಟ್, 36 ವೋಲ್ಟಿನಲ್ಲಿ 180 ವ್ಯಾಟ್, 48 ವೋಲ್ಟಿನಲ್ಲಿ 240 ವ್ಯಾಟ್. ಈ ಮೇಲಿನ ಮೆಟ್ಟಿಲುಗಳಿಗೆ ಇಪಿಆರ್ ಎಂದು ಹೆಸರು. ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 16 ಮೊದಲು ಬಂದಾಗ ತನ್ನ 180 ವ್ಯಾಟನ್ನು ಪಡೆಯುತ್ತಿದ್ದುದು ಹೀಗೆಯೇ.

ಇಲ್ಲಿ ಒಂದು ಎಚ್ಚರ ಅಗತ್ಯ. ಪಿಡಿ 3.1 ಎಂಬ ಬರಹ ಆವೃತ್ತಿಯ ಹೆಸರೇ ಹೊರತು ಸಾಮರ್ಥ್ಯದ ಹೆಸರಲ್ಲ. 65 ವ್ಯಾಟ್‌ನ ಸಣ್ಣ ಚಾರ್ಜರ್ ಕೂಡ ಆ ಆವೃತ್ತಿಯನ್ನು ಪಾಲಿಸಿರಬಹುದು. ಆದ್ದರಿಂದ ಚಾರ್ಜರಿನ ಮೈಮೇಲಿನ ಔಟ್‌ಪುಟ್ ಸಾಲನ್ನೇ ಓದಬೇಕು. ಅದರಲ್ಲಿ 5 ವೋಲ್ಟ್ 3 ಆಂಪ್, 9 ವೋಲ್ಟ್ 3 ಆಂಪ್, 15 ವೋಲ್ಟ್ 3 ಆಂಪ್, 20 ವೋಲ್ಟ್ 5 ಆಂಪ್ ಎಂಬವುಗಳ ಬಳಿಕ 28 ವೋಲ್ಟ್ 5 ಆಂಪ್ ಎಂಬ ಇನ್ನೊಂದು ಜೋಡಿ ಇದ್ದರೆ ಅದು ನಿಜಕ್ಕೂ 140 ವ್ಯಾಟ್ ಕೊಡುವ ಚಾರ್ಜರ್. 20 ವೋಲ್ಟಿಗೇ ಸಾಲು ಮುಗಿದು, ಮೇಲೆ ಮಾತ್ರ 140 ಅಥವಾ 200 ಎಂದಿದ್ದರೆ, ಅದು ಎಲ್ಲ ಪೋರ್ಟುಗಳನ್ನೂ ಕೂಡಿಸಿದ ಮೊತ್ತವಿರಬೇಕು. ಆರು ಪೋರ್ಟುಗಳ 200 ವ್ಯಾಟ್ ಚಾರ್ಜರಿನಲ್ಲಿ ಯಾವುದೇ ಒಂದು ಪೋರ್ಟಿನಿಂದ 100 ವ್ಯಾಟ್ ಮಾತ್ರ ಸಿಗುವುದು ಸಾಮಾನ್ಯ ಸಂಗತಿ. ಜಾಹೀರಾತಿನ ಚಿತ್ರದಲ್ಲಿ ಈ ಸಾಲು ಕಾಣದಿದ್ದರೆ ನಾನು ಆ ಚಾರ್ಜರನ್ನು ಅಲ್ಲಿಗೇ ಬಿಡುತ್ತೇನೆ; ವಿವರ ಮುಚ್ಚಿಟ್ಟ ವಸ್ತುವಿನ ಬಗ್ಗೆ ಊಹೆ ಮಾಡುತ್ತಾ ಹಣ ಕೊಡುವ ಅಗತ್ಯವಿಲ್ಲ.

ಕೆಲವು ಲ್ಯಾಪ್‌ಟಾಪ್ ಕಂಪನಿಗಳು ನಿಯಮದ ಹೊರಗೆ ತಮ್ಮದೇ ದಾರಿ ಹಿಡಿದಿವೆ. ಅವುಗಳ ಅಡಾಪ್ಟರಿನ ಮೇಲೆ 20 ವೋಲ್ಟ್ 6.5 ಆಂಪ್, ಅಂದರೆ 130 ವ್ಯಾಟ್, ಎಂದು ಬರೆದಿರುತ್ತದೆ. ಪ್ಲಗ್ಗಿನ ಆಕಾರ ಯುಎಸ್‌ಬಿ-ಸಿಯದೇ ಆದರೂ 5 ಆಂಪ್ ಮೀರಿದ ಈ ಮಾತುಕತೆ ಆ ಕಂಪನಿಯ ಅಡಾಪ್ಟರಿಗೂ ಲ್ಯಾಪ್‌ಟಾಪಿಗೂ ಮಾತ್ರ ಅರ್ಥವಾಗುತ್ತದೆ. ಅಂಥ ಯಂತ್ರಕ್ಕೆ ಬೇರೆಯವರ 140 ವ್ಯಾಟ್ ಚಾರ್ಜರ್ ಹಾಕಿದಾಗ, ಯಂತ್ರಕ್ಕೆ 28 ವೋಲ್ಟ್ ತಿಳಿಯದಿದ್ದರೆ, 20 ವೋಲ್ಟಿನ 100 ವ್ಯಾಟೇ ಸಿಗುತ್ತದೆ. ಮೂಲ ಅಡಾಪ್ಟರಿನ ಮೇಲೆ 5 ಆಂಪಿಗಿಂತ ದೊಡ್ಡ ಸಂಖ್ಯೆ ಕಂಡವರು, ಪೂರ್ಣ ವೇಗವೇ ಬೇಕೆಂದಾದರೆ, ಅದೇ ಕಂಪನಿಯ ಇನ್ನೊಂದು ಅಡಾಪ್ಟರನ್ನು ಕೊಳ್ಳುವುದೇ ಸರಿ.

ಹಲವು ಪೋರ್ಟುಗಳ ಚಾರ್ಜರ್ ಬೇಕೆನ್ನುವವರು ಹಂಚಿಕೆಯ ಕೋಷ್ಟಕವನ್ನು ಕೇಳಿ ಪಡೆಯಬೇಕು. ಒಂದೇ ಪೋರ್ಟ್ ಬಳಸಿದಾಗ 140 ಕೊಡುವ ಚಾರ್ಜರ್, ಪಕ್ಕದಲ್ಲಿ ಫೋನನ್ನು ಸೇರಿಸಿದೊಡನೆ ಲ್ಯಾಪ್‌ಟಾಪಿನ ಪಾಲನ್ನು 100ಕ್ಕೋ 65ಕ್ಕೋ ಇಳಿಸಬಹುದು, ಫೋನ್ 10 ವ್ಯಾಟನ್ನೂ ಎಳೆಯದಿದ್ದರೂ ಇಳಿಸಬಹುದು. ಅಗ್ಗದ ಚಾರ್ಜರುಗಳಲ್ಲಿ ಹಂಚಿಕೆ ಹೀಗೆ ಮೊದಲೇ ನಿಗದಿಯಾಗಿರುತ್ತದೆ. ಉತ್ತಮವಾದವು ನಿಜವಾಗಿ ಬಳಕೆಯಾಗುತ್ತಿರುವುದನ್ನು ಅಳೆದು ಹಂಚುತ್ತವೆ. ಇನ್ನೊಂದು ತೊಡಕೂ ಇದೆ. ಹೊಸ ಸಾಧನ ಸೇರಿದಾಗ ಅಥವಾ ತೆಗೆದಾಗ ಹಲವು ಚಾರ್ಜರುಗಳು ಎಲ್ಲ ಪೋರ್ಟುಗಳನ್ನೂ ಒಂದೆರಡು ಕ್ಷಣ ನಿಲ್ಲಿಸಿ ಮಾತುಕತೆಯನ್ನು ಮೊದಲಿನಿಂದ ನಡೆಸುತ್ತವೆ. ಬ್ಯಾಟರಿ ಇರುವ ಲ್ಯಾಪ್‌ಟಾಪಿಗೆ ಇದು ಗೊತ್ತೇ ಆಗುವುದಿಲ್ಲ, ಆದರೆ ಅದೇ ಚಾರ್ಜರಿನಿಂದ ನಡೆಯುತ್ತಿರುವ ಮಾನಿಟರ್ ಆರಿ ಹೊತ್ತಿಕೊಳ್ಳುತ್ತದೆ, ಸಣ್ಣ ಕಂಪ್ಯೂಟರ್ ಇದ್ದರೆ ರೀಸ್ಟಾರ್ಟ್ ಆಗುತ್ತದೆ. ದೊಡ್ಡ ಲ್ಯಾಪ್‌ಟಾಪನ್ನು ದಿನವಿಡೀ ಭಾರವಾದ ಕೆಲಸಕ್ಕೆ ಬಳಸುವವರಿಗೆ ನನ್ನ ಸಲಹೆ, ಲ್ಯಾಪ್‌ಟಾಪಿಗೆಂದೇ ಒಂದು ಚಾರ್ಜರ್ ಇರಲಿ, ಫೋನಿಗೆ ಬೇರೆ ಸಣ್ಣದಿರಲಿ ಎಂಬುದು.

ಕೇಬಲಿನ ಬಗ್ಗೆ ಎಷ್ಟು ಹೇಳಿದರೂ ಸಾಲದು, ಏಕೆಂದರೆ ಅದನ್ನು ನೋಡಿ ಏನನ್ನೂ ತಿಳಿಯಲಾಗದು. ದಪ್ಪಗಿದ್ದು ಬಟ್ಟೆಯ ಹೆಣಿಗೆ ಹೊದ್ದ ಕೇಬಲ್ 60 ವ್ಯಾಟಿನದಾಗಿರಬಹುದು, ತೆಳ್ಳಗಿನದು 240 ವ್ಯಾಟಿನದಾಗಿರಬಹುದು. 3 ಆಂಪಿಗಿಂತ ಹೆಚ್ಚು ಒಯ್ಯುವ ಪ್ರತಿಯೊಂದು ಕೇಬಲಿನ ಪ್ಲಗ್ಗಿನೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಬೇಕು. ಚಾರ್ಜರ್ ಅದನ್ನು ವಿಚಾರಿಸಿಯೇ 5 ಆಂಪನ್ನು ತನ್ನ ಪಟ್ಟಿಗೆ ಸೇರಿಸುತ್ತದೆ. ಆ ಚಿಪ್ ಇಲ್ಲದಿದ್ದರೆ 60 ವ್ಯಾಟ್. ಚಿಪ್ ಇದ್ದು ಹಳೆಯ 100 ವ್ಯಾಟ್ ಬಗೆಯದಾಗಿದ್ದರೆ 20 ವೋಲ್ಟಿನಾಚೆ ಹೋಗುವುದಿಲ್ಲ, ಅಂದರೆ 100 ವ್ಯಾಟ್. 28 ವೋಲ್ಟ್ ಮತ್ತು ಅದರ ಮೇಲಿನದಕ್ಕೆ ಇಪಿಆರ್ ಕೇಬಲೇ ಬೇಕು, ಅದರ ಮೇಲೆ 240 ವ್ಯಾಟ್ ಎಂದಿರುತ್ತದೆ. ಲ್ಯಾಪ್‌ಟಾಪಿಗೆ 140 ವ್ಯಾಟ್ ಸಾಕಾದರೂ ಕೊಳ್ಳಬೇಕಾದದ್ದು 240ರ ಕೇಬಲೇ. ಯುಎಸ್‌ಬಿ ಸಂಸ್ಥೆಯ ಪ್ರಮಾಣೀಕರಣದ ಚಿಹ್ನೆಗಳಲ್ಲಿ ಈಗ 60 ಮತ್ತು 240 ಎಂಬ ಎರಡೇ ಮಟ್ಟಗಳಿವೆ. ಹೆಚ್ಚಿನ ವೋಲ್ಟೇಜ್ ಹರಿಯುತ್ತಿರುವಾಗ ಪ್ಲಗ್ ಕಿತ್ತರೆ ಸಂಪರ್ಕದ ತುದಿಗಳಲ್ಲಿ ಕಿಡಿ ಹಾರಿ ಅವು ಸುಟ್ಟುಹೋಗಬಾರದೆಂದು ಇಂಥ ಕೇಬಲಿನ ಪ್ಲಗ್ಗುಗಳಲ್ಲಿ ಪುಟ್ಟ ಕೆಪಾಸಿಟರುಗಳನ್ನೂ ಇಟ್ಟಿರುತ್ತಾರೆ. ಬೇರೆ ಬೇರೆ ಸಾಮರ್ಥ್ಯದ ಕೇಬಲುಗಳು ಮನೆಯಲ್ಲಿದ್ದರೆ 240ರದಕ್ಕೆ ಬಣ್ಣದ ಟೇಪ್ ಸುತ್ತಿಡಿ. ನಾನು ಮಾಡಿದ್ದು ಅದನ್ನೇ.

ಇಂಥ ಕೇಬಲುಗಳಲ್ಲಿ ಅನೇಕವು ಚಾರ್ಜಿಗೆ ಸಮರ್ಥವಾಗಿದ್ದರೂ ದತ್ತಾಂಶವನ್ನು ಯುಎಸ್‌ಬಿ 2.0ರ ವೇಗದಲ್ಲಿ, ಅಂದರೆ ಸೆಕೆಂಡಿಗೆ 480 ಮೆಗಾಬಿಟ್‌ನಲ್ಲಿ, ಮಾತ್ರ ಸಾಗಿಸುತ್ತವೆ ಎಂಬುದೂ ನೆನಪಿರಲಿ. ಬಾಹ್ಯ ಡಿಸ್ಕಿಗೆ ಅದನ್ನೇ ಬಳಸಿ ನಿಧಾನವೆಂದು ಬೇಸರಪಡಬೇಡಿ. ಪ್ಲಗ್ಗಿಗೆ ಅಂಟುವ ಅಯಸ್ಕಾಂತದ ಅಡಾಪ್ಟರುಗಳು ಮತ್ತು ಒಂದಕ್ಕೊಂದು ಜೋಡಿಸಿ ಉದ್ದ ಮಾಡುವ ಯುಎಸ್‌ಬಿ-ಸಿ ಎಕ್ಸ್‌ಟೆನ್ಷನ್‌ಗಳು ನಿಯಮದ ಒಳಗಿನವಲ್ಲ. 100 ವ್ಯಾಟಿನ ಮೇಲಿನ ಕೆಲಸಕ್ಕೆ ಅವು ಖಂಡಿತ ಬೇಡ.

ಚಾರ್ಜರಿನ ಗಾತ್ರ ಮತ್ತು ಬಿಸಿಯನ್ನು ಒಟ್ಟಿಗೆ ನೋಡಬೇಕು. ಗ್ಯಾಲಿಯಂ ನೈಟ್ರೈಡ್ ಬಳಸಿದ ಚಾರ್ಜರುಗಳು ಸಿಲಿಕಾನ್‌ನವುಗಳಿಗಿಂತ ವೇಗವಾಗಿ ಸ್ವಿಚ್ ಆಗುವುದರಿಂದ ಅವುಗಳ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಿರುತ್ತದೆ, ವ್ಯರ್ಥವಾಗುವ ಶಕ್ತಿಯೂ ಕಡಿಮೆ. ಆದರೂ ಶೇಕಡಾ 93ರಷ್ಟು ದಕ್ಷತೆಯಿರುವ ಚಾರ್ಜರ್ 140 ವ್ಯಾಟ್ ಕೊಡುವಾಗ ತನ್ನೊಳಗೆ ಸುಮಾರು 10 ವ್ಯಾಟನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ, ಮುಷ್ಟಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ಅದು ಕಡಿಮೆಯೇನಲ್ಲ. ತೀರಾ ಪುಟ್ಟ ಚಾರ್ಜರುಗಳು ಕೆಲವು ಹೊತ್ತಿನ ಬಳಿಕ ಬಿಸಿ ತಾಳದೆ ತಮ್ಮ ಔಟ್‌ಪುಟ್ ತಗ್ಗಿಸುವುದು ಈ ಕಾರಣದಿಂದ. ವಿಮರ್ಶೆಗಳನ್ನು ಓದುವಾಗ ಐದು ನಿಮಿಷದ ಅಳತೆಗಿಂತ ಒಂದು ಗಂಟೆ ಸತತವಾಗಿ ಪೂರ್ಣ ಭಾರ ಹಾಕಿ ಮಾಡಿದ ಪರೀಕ್ಷೆಗೆ ಬೆಲೆ ಕೊಡಿ. ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ ಭಾರವಾದ ಚಾರ್ಜರ್ ಸಡಿಲವಾದ ಸಾಕೆಟ್ಟಿನಲ್ಲಿ ಜೋತುಬಿದ್ದು ಕಿಡಿ ಹಾರಿಸಬಹುದಾದ್ದರಿಂದ, ವಯರಿನ ಮೂಲಕ ಮೇಜಿನ ಮೇಲೆ ಕೂರುವ ಮಾದರಿ ಈ ವ್ಯಾಟಿನಲ್ಲಿ ಹೆಚ್ಚು ನೆಮ್ಮದಿಯದು. ಹಾಸಿಗೆಯ ಮೇಲೆ, ದಿಂಬಿನ ಅಡಿ ಅದನ್ನು ಇಡಲೇಬಾರದು.

ಲೋಹದ ಮೈಯ ಲ್ಯಾಪ್‌ಟಾಪನ್ನು ಎರಡು ಪಿನ್ನಿನ ಚಾರ್ಜರಿಗೆ ಸಿಕ್ಕಿಸಿ, ಮಣಿಕಟ್ಟಿನ ಒಳಬದಿಯನ್ನು ಅಂಚಿಗೆ ಮೆಲ್ಲಗೆ ಒರೆಸಿದರೆ ಜುಮ್ಮೆನ್ನುವ ಅನುಭವವಾಗುವುದುಂಟು. ಚಾರ್ಜರಿನೊಳಗಿನ ಫಿಲ್ಟರ್ ಕೆಪಾಸಿಟರಿನ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ ಅದು. ಸರಿಯಾಗಿ ತಯಾರಾದ ಚಾರ್ಜರಿನಲ್ಲಿ ಸುರಕ್ಷತೆಯ ಮಿತಿಯೊಳಗೇ ಇರುತ್ತದೆ, ಆದರೂ ದಿನವಿಡೀ ಕೈ ಇಟ್ಟು ಟೈಪ್ ಮಾಡುವವರಿಗೆ ಕಿರಿಕಿರಿ. ಅರ್ತ್ ಪಿನ್ ಇರುವ ಚಾರ್ಜರ್, ಅರ್ತ್ ಸರಿಯಿರುವ ಸಾಕೆಟ್ಟಿನಲ್ಲಿ, ಇದನ್ನು ಸಾಮಾನ್ಯವಾಗಿ ನಿವಾರಿಸುತ್ತದೆ. ಮೂರನೆಯ ಪಿನ್ ಬರೀ ಪ್ಲಾಸ್ಟಿಕ್ಕಿನದಾಗಿದ್ದರೆ ಅದು ಸಾಕೆಟ್ಟಿನ ಬಾಗಿಲು ತೆರೆಯಲು ಮಾತ್ರ ಇದೆ, ಅರ್ತ್ ಅಲ್ಲ. ಐಇಸಿ 62368-1 ಎಂಬ ಸುರಕ್ಷತಾ ಮಾನದಂಡದ ಉಲ್ಲೇಖವೂ ನಿಮ್ಮ ದೇಶದ ಪ್ರಮಾಣೀಕರಣದ ಗುರುತೂ ಇಲ್ಲದ ಚಾರ್ಜರನ್ನು, ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ, ಮನೆಯೊಳಗೆ ತರಬೇಡಿ.

ತಂದ ಮೇಲೆ ಹಿಂತಿರುಗಿಸುವ ಅವಧಿಯೊಳಗೇ ಪರೀಕ್ಷಿಸಿ. ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದು ಪವರ್ ವಿಭಾಗಕ್ಕೆ ಹೋದರೆ ಚಾರ್ಜರಿನ ವ್ಯಾಟ್ ಕಾಣುತ್ತದೆ. ವಿಂಡೋಸ್ ಲ್ಯಾಪ್‌ಟಾಪುಗಳು ಚಾರ್ಜರ್ ಸಾಲದಿದ್ದರೆ ನಿಧಾನವಾಗಿ ಚಾರ್ಜ್ ಆಗುತ್ತಿದೆ ಎಂಬ ಸೂಚನೆಯನ್ನು ತೋರಿಸುತ್ತವೆ. ಯುಎಸ್‌ಬಿ ಮೀಟರ್ ಬಳಸುವುದಾದರೆ ಅದಕ್ಕೆ 48 ವೋಲ್ಟ್ ತಾಳುವ ಶಕ್ತಿಯಿದೆಯೇ ಎಂದು ಮೊದಲು ನೋಡಿಕೊಳ್ಳಿ, ಹಳೆಯ ಮೀಟರುಗಳು 20 ವೋಲ್ಟಿನ ಕಾಲದವು. ನಂತರ ಬ್ಯಾಟರಿಯನ್ನು ಶೇಕಡಾ 40ರ ಆಸುಪಾಸಿಗೆ ಇಳಿಸಿ, ನೀವು ಮಾಡುವ ಅತಿ ಭಾರದ ಕೆಲಸವನ್ನು ಅರ್ಧ ಗಂಟೆ ನಡೆಸಿ, ಶೇಕಡಾವಾರು ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಗಮನಿಸಿ. ಆ ಅರ್ಧ ಗಂಟೆಯ ಕೊನೆಗೆ ಚಾರ್ಜರಿನ ಮೈಯನ್ನೂ ಕೇಬಲಿನ ಎರಡೂ ಪ್ಲಗ್ಗುಗಳನ್ನೂ ಮುಟ್ಟಿ ನೋಡಿ. ಚಾರ್ಜರ್ ಬಿಸಿಯಾಗುವುದು ಸಹಜ, ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗುವುದು ಸಹಜವಲ್ಲ. ಹಾಗಾದರೆ ಪೋರ್ಟಿನಲ್ಲಿ ಧೂಳು ಸೇರಿದೆಯೇ ಎಂದು ನೋಡಿ, ಇಲ್ಲವಾದರೆ ಆ ಕೇಬಲನ್ನು ಬದಲಾಯಿಸಿ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ.