ಚಳಿಗಾಲದ ಹೆದ್ದಾರಿ ಪಯಣ: ಫೋಟೊಗಾಗಿ ಎಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಡಿಸೆಂಬರ್ ಕೊನೆಯ ವಾರವೆಂದರೆ ಮಕ್ಕಳ ಶಾಲೆಗೂ ದೊಡ್ಡವರ ಕಚೇರಿಗೂ ಒಟ್ಟಿಗೆ ರಜೆ ಸಿಗುವ, ಕಾರು ಹತ್ತಿ ದೂರ ಹೊರಡುವ ಕಾಲ. ಊರಿನಿಂದ ಬಂದಿರುವ ಅಪ್ಪ ಅಮ್ಮ ಜೊತೆಗಿದ್ದರಂತೂ ಹಿಮ ಹೊದ್ದ ಬೆಟ್ಟಗಳನ್ನು ತೋರಿಸಬೇಕು, ನಾಲ್ಕು ಒಳ್ಳೆಯ ಫೋಟೊ ತೆಗೆಯಬೇಕು ಎಂಬ ಆಸೆ ಸಹಜ. ಆದರೆ ರಾಜ್ಯರಾಜ್ಯಗಳನ್ನು ಜೋಡಿಸುವ ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ ಕಣ್ಣಿಗೆ ಬಿದ್ದ ನೋಟಕ್ಕೆ ಮನಸೋತು ಅಲ್ಲೇ ಕಾರು ನಿಲ್ಲಿಸುವಂತಿಲ್ಲ. ತುರ್ತು ಸಂದರ್ಭವನ್ನು ಬಿಟ್ಟರೆ ರಸ್ತೆಯಂಚಿನಲ್ಲಿ ನಿಲ್ಲುವುದು ನಿಯಮಬಾಹಿರ. ಹಿಮ ಬಿದ್ದು ರಸ್ತೆ ಜಾರುತ್ತಿರುವಾಗ ಅದು ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಎಲ್ಲಿ ನಿಲ್ಲಬೇಕು, ಎಷ್ಟು ಗಂಟೆಗೆ ನಿಲ್ಲಬೇಕು ಎಂಬ ತೀರ್ಮಾನ ಮನೆ ಬಿಡುವ ಮುನ್ನವೇ ಆಗಿರಬೇಕು. ಅದನ್ನು ಮಾಡುವ ಬಗೆಯನ್ನು ಕೊಲೊರಾಡೊದ ಡೆನ್ವರ್‌ನಿಂದ ಪಶ್ಚಿಮಕ್ಕೆ ರಾಕಿ ಪರ್ವತಗಳನ್ನು ದಾಟಿ ಯೂಟಾ ರಾಜ್ಯಕ್ಕೆ ಹೋಗುವ ಐ-70 (ಇಂಟರ್‌ಸ್ಟೇಟ್ 70) ಹೆದ್ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಎಕ್ಸಿಟ್ ಸಂಖ್ಯೆ, ಆಮೇಲೆ ನೋಟ

ಪೂರ್ವ–ಪಶ್ಚಿಮವಾಗಿ ಸಾಗುವ ಇಂಟರ್‌ಸ್ಟೇಟ್‌ಗಳಿಗೆ ಸಮಸಂಖ್ಯೆ, ಉತ್ತರ–ದಕ್ಷಿಣವಾಗಿ ಸಾಗುವವಕ್ಕೆ ಬೆಸಸಂಖ್ಯೆ ಎಂಬುದು ಸಾಮಾನ್ಯ ಕ್ರಮ. ಪೂರ್ವ–ಪಶ್ಚಿಮದ ರಸ್ತೆಯಲ್ಲಿ ಮೈಲಿಗಳ ಎಣಿಕೆ ಆಯಾ ರಾಜ್ಯದ ಪಶ್ಚಿಮ ತುದಿಯಿಂದ ಆರಂಭವಾಗುತ್ತದೆ, ಮತ್ತು ಕೊಲೊರಾಡೊ, ಯೂಟಾಗಳಲ್ಲಿ ಎಕ್ಸಿಟ್‌ಗಳಿಗೆ, ಅಂದರೆ ಹೆದ್ದಾರಿಯಿಂದ ಹೊರಗಿಳಿಯುವ ದಾರಿಗಳಿಗೆ, ಅದೇ ಮೈಲಿ ಸಂಖ್ಯೆಯನ್ನು ಕೊಡಲಾಗಿದೆ. ಹೀಗಾಗಿ ಕೊಲೊರಾಡೊದಲ್ಲಿ 254ನೇ ಎಕ್ಸಿಟ್ ಎಂದರೆ ಯೂಟಾ ಗಡಿಯಿಂದ ಸುಮಾರು 254 ಮೈಲಿ ದೂರದ ಜಾಗ. ಈ ಒಂದು ಲೆಕ್ಕ ತಿಳಿದಿದ್ದರೆ ಎರಡು ತಾಣಗಳ ನಡುವಿನ ದೂರವನ್ನು ಕಳೆಯುವ ಲೆಕ್ಕದಲ್ಲೇ ಪಡೆಯಬಹುದು. ಪಕ್ಕದ ಸೀಟಿನಲ್ಲಿ ಕುಳಿತವರು ದಾರಿಯಲ್ಲಿ ಕಂಡ ಒಳ್ಳೆಯ ನೋಟಗಳ ಮೈಲಿಗಲ್ಲನ್ನು ಬರೆದಿಟ್ಟುಕೊಂಡರೆ ಹಿಂದಿರುಗುವಾಗ ಹತ್ತಿರದ ಎಕ್ಸಿಟ್ ಹುಡುಕುವುದೂ ಸುಲಭ.

ನಕ್ಷೆಯನ್ನು ತೆರೆದಾಗ ಸುಂದರ ಸ್ಥಳಗಳನ್ನು ಹುಡುಕುವ ಬದಲು ನಿಲ್ಲಲು ಸಾಧ್ಯವಿರುವ ಸ್ಥಳಗಳನ್ನು ಹುಡುಕಿ: ರೆಸ್ಟ್ ಏರಿಯಾ, ‘ಸೀನಿಕ್ ಓವರ್‌ಲುಕ್’ ಅಥವಾ ‘ವ್ಯೂ ಏರಿಯಾ’ ಎಂಬ ಫಲಕವಿರುವ ತಂಗುದಾಣ, ಎಕ್ಸಿಟ್‌ಗೆ ಅಂಟಿಕೊಂಡ ಉದ್ಯಾನ ಅಥವಾ ಸಣ್ಣ ಊರು. ಬಳಿಕ ಉಪಗ್ರಹ ಚಿತ್ರವನ್ನು ಹಿಗ್ಗಿಸಿ, ಕಾರು ನಿಲ್ಲುವ ಜಾಗದಿಂದ ಯಾವ ದಿಕ್ಕಿಗೆ ಬಯಲು, ಯಾವ ದಿಕ್ಕಿಗೆ ಬೆಟ್ಟ, ನಡುವೆ ಮರಗಳ ಅಡ್ಡಿ ಇದೆಯೇ ಎಂದು ನೋಡಿಕೊಳ್ಳಬೇಕು. ಆ ತಾಣಕ್ಕೆ ನೀವು ಹೋಗುತ್ತಿರುವ ದಿಕ್ಕಿನಿಂದಲೇ ಪ್ರವೇಶವಿದೆಯೇ ಎಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಗ್ಲೆನ್‌ವುಡ್ ಕಮರಿಯಲ್ಲಿರುವ ಹ್ಯಾಂಗಿಂಗ್ ಲೇಕ್‌ನ 125ನೇ ಎಕ್ಸಿಟ್‌ಗೆ ಪೂರ್ವಾಭಿಮುಖವಾಗಿ ಬರುವವರು ಮಾತ್ರ ಇಳಿಯಬಹುದು. ಡೆನ್ವರ್ ಕಡೆಯಿಂದ ಬರುವವರು ಅದನ್ನು ದಾಟಿ ಮುಂದೆ ಹೋಗಿ, ಗ್ರಿಜ್ಲಿ ಕ್ರೀಕ್‌ನ 121ನೇ ಎಕ್ಸಿಟ್‌ನಲ್ಲಿ ತಿರುಗಿಸಿಕೊಂಡು ಹಿಂದೆ ಬರಬೇಕು. ಬೆಟ್ಟದ ಮೇಲಿರುವ ಹ್ಯಾಂಗಿಂಗ್ ಲೇಕ್ ಕೊಳದವರೆಗೆ ಹತ್ತಿ ಹೋಗುವುದಾದರೆ ಪರವಾನಗಿಯನ್ನು ಮೊದಲೇ ಪಡೆದಿರಬೇಕು. ಹಗಲು ಚಿಕ್ಕದಾಗಿರುವ ಈ ಕಾಲದಲ್ಲಿ, ಅದೇ ಕಮರಿಯ ಗ್ರಿಜ್ಲಿ ಕ್ರೀಕ್ ತಂಗುದಾಣವನ್ನೇ ಆರಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಸೂರ್ಯನಿಗೆ ತಕ್ಕ ವೇಳಾಪಟ್ಟಿ

ಡಿಸೆಂಬರ್ ಮೂರನೆಯ ವಾರದಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಡೆನ್ವರ್‌ನಲ್ಲಿ 27 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಆಗ್ನೇಯದಲ್ಲಿ ಮೂಡುವ ಅವನು ಸಂಜೆ 4.40ರ ಹೊತ್ತಿಗೆ ನೈಋತ್ಯದಲ್ಲಿ ಮುಳುಗುತ್ತಾನೆ. ಛಾಯಾಗ್ರಾಹಕರಿಗೆ ಇದರಿಂದ ಆಗುವ ಲಾಭ ದೊಡ್ಡದು. ಬಯಲಿನಲ್ಲಿ ಬೆಳಕು ದಿನವಿಡೀ ಓರೆಯಾಗಿಯೇ ಬೀಳುವುದರಿಂದ ಹಿಮದ ಮೇಲಿನ ಒಂದೊಂದು ಅಲೆಯೂ, ಗಾಳಿ ಕೊರೆದ ಒಂದೊಂದು ಗೆರೆಯೂ ನೆರಳಿನಿಂದ ಎದ್ದು ಕಾಣುತ್ತದೆ. ಆದರೆ ಆಳವಾದ ಕಮರಿಗಳಲ್ಲಿ ಇದೇ ಸೂರ್ಯ ದಕ್ಷಿಣದ ಗೋಡೆಯ ಹಿಂದೆ ಮರೆಯಾಗಿ, ತಳವೆಲ್ಲ ಬಹುಪಾಲು ಹಗಲು ನೆರಳಲ್ಲೇ ಉಳಿಯುತ್ತದೆ.

ಆದ್ದರಿಂದ ಪ್ರತಿಯೊಂದು ತಾಣದ ಮುಂದೆ, ಅಲ್ಲಿನ ಬಂಡೆಯೋ ಬೆಟ್ಟವೋ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಬರೆದುಕೊಂಡು, ಆ ಮುಖಕ್ಕೆ ಬಿಸಿಲು ಬೀಳುವ ಹೊತ್ತಿಗೆ ನೀವು ಅಲ್ಲಿರುವಂತೆ ಪಯಣವನ್ನು ಹೊಂದಿಸಬೇಕು. ಐ-70ರಲ್ಲಿ ಅದು ಹೀಗೆ ಕೂಡಿಬರುತ್ತದೆ. ನಸುಕಿನಲ್ಲೇ ಡೆನ್ವರ್ ಬಿಟ್ಟು ಸೂರ್ಯೋದಯಕ್ಕೆ 254ನೇ ಎಕ್ಸಿಟ್‌ನ ಜೆನೆಸಿ ಉದ್ಯಾನವನ್ನು ತಲುಪಿದರೆ, ಪಶ್ಚಿಮದ ಹಿಮಶಿಖರಗಳ ಮೇಲೆ ಮೊದಲ ಕೆಂಬೆಳಕು ಬೀಳುವುದನ್ನು ನೋಡಬಹುದು. ಡೆನ್ವರ್ ನಗರಾಡಳಿತ ಸಾಕಿರುವ ಕಾಡೆಮ್ಮೆಗಳ, ಅಂದರೆ ಬೈಸನ್‌ಗಳ ಹಿಂಡು ಬೇಲಿಯ ಹತ್ತಿರವಿದ್ದರೆ ಅವುಗಳ ಉಸಿರಿನ ಹಬೆಯೂ ಚಿತ್ರದಲ್ಲಿ ಸಿಗುತ್ತದೆ. ಮುಂದೆ 228ನೇ ಎಕ್ಸಿಟ್‌ನ ಜಾರ್ಜ್‌ಟೌನ್. ಇಲ್ಲಿನ ಕೆರೆಯ ಬಳಿ ವನ್ಯಜೀವಿ ವೀಕ್ಷಣೆಗೆಂದೇ ಜಾಗವಿದ್ದು, ಹೆದ್ದಾರಿಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಬಿಗ್‌ಹಾರ್ನ್ ಕುರಿಗಳು ಮೇಯುತ್ತವೆ. ನವೆಂಬರ್, ಡಿಸೆಂಬರ್ ಅವುಗಳ ಬೆದೆಗಾಲವಾದ್ದರಿಂದ, ಸುರುಳಿ ಕೊಂಬಿನ ಟಗರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದು ಕೆಲವೊಮ್ಮೆ ಕಣಿವೆಯ ಆಚೆಗೂ ಕೇಳುತ್ತದೆ. ಮಣ್ಣಿನ ಬಣ್ಣದ ಮೈಯುಳ್ಳ ಈ ಪ್ರಾಣಿಗಳು ಕಲ್ಲುಗಳ ನಡುವೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಹಿಂಭಾಗದ ಬಿಳಿ ಮಚ್ಚೆಯನ್ನು ಹುಡುಕಿದರೆ ಹಿಂಡು ಒಂದೊಂದಾಗಿ ಗೋಚರಿಸುತ್ತದೆ. ಉದ್ದ ಲೆನ್ಸ್ ಇಲ್ಲಿ ಬೇಕೇಬೇಕು. ಹತ್ತಿರ ಹೋಗಿ ಅವುಗಳನ್ನು ಬೆದರಿಸಿದರೆ ಅವು ಓಡುವುದು ಹೆದ್ದಾರಿಯತ್ತಲೂ ಆಗಬಹುದು ಎಂಬುದನ್ನು ಮಕ್ಕಳಿಗೂ ತಿಳಿಸಿ ಹೇಳಬೇಕು.

ಸಮುದ್ರಮಟ್ಟದಿಂದ 11,000 ಅಡಿಗೂ ಎತ್ತರದಲ್ಲಿ ಪರ್ವತವನ್ನು ಕೊರೆದಿರುವ ಐಸೆನ್‌ಹೋವರ್–ಜಾನ್ಸನ್ ಸುರಂಗವನ್ನೂ 10,662 ಅಡಿ ಎತ್ತರದ ವೇಲ್ ಪಾಸ್ ಅನ್ನೂ ದಾಟಿ, ಮಧ್ಯಾಹ್ನದ ಹೊತ್ತಿಗೆ ಗ್ಲೆನ್‌ವುಡ್ ಕಮರಿಗೆ ಇಳಿಯುವಂತೆ ನೋಡಿಕೊಳ್ಳಿ. ಎತ್ತರದ ಜಾಗಗಳಲ್ಲಿ ಹಿರಿಯರಿಗೆ ಉಸಿರು ಕಟ್ಟಿದಂತಾಗಬಹುದಾದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲದಿರುವುದೇ ಒಳ್ಳೆಯದು. ಕಮರಿಯಲ್ಲಿ ಕೊಲೊರಾಡೊ ನದಿಯ ಒಂದು ದಡದಲ್ಲಿ ಹೆದ್ದಾರಿ, ಇನ್ನೊಂದು ದಡದಲ್ಲಿ ರೈಲು ಹಳಿ. 1992ರಲ್ಲಿ ಪೂರ್ಣಗೊಂಡ ಇಲ್ಲಿನ ರಸ್ತೆಯನ್ನು ಬಂಡೆಗಳನ್ನು ಆದಷ್ಟು ಕಡಿಯದೆ ಕಂಬಗಳ ಮೇಲೆ ಕಟ್ಟಲಾಗಿದ್ದು, ಬಳುಕುತ್ತ ಸಾಗುವ ಆ ಸೇತುವೆಗಳೇ ಒಳ್ಳೆಯ ಚಿತ್ರವಸ್ತು. ನಡುಹಗಲಲ್ಲಿ ಉತ್ತರದ ಗೋಡೆಯ ಮೇಲ್ಭಾಗಕ್ಕೆ ಬಿಸಿಲು ಬಿದ್ದು, ಅದರ ಹೊಂಬಣ್ಣ ಕೆಳಗಿನ ನೆರಳಲ್ಲಿರುವ ನೀರಿನಲ್ಲಿ ಮೂಡುತ್ತದೆ. ಷಿಕಾಗೊ ಮತ್ತು ಕ್ಯಾಲಿಫೋರ್ನಿಯಾ ನಡುವೆ ಓಡುವ ‘ಕ್ಯಾಲಿಫೋರ್ನಿಯಾ ಜೆಫರ್’ ರೈಲು ವೇಳೆ ತಪ್ಪದಿದ್ದರೆ ಎರಡೂ ದಿಕ್ಕಿನಿಂದ ಮಧ್ಯಾಹ್ನದ ಆಸುಪಾಸಿನಲ್ಲೇ ಇಲ್ಲಿ ಹಾದುಹೋಗುತ್ತದೆ. ಅಂದಿನ ಸಮಯವನ್ನು ಆ ರೈಲನ್ನು ಓಡಿಸುವ ಆಮ್‌ಟ್ರ್ಯಾಕ್ ಸಂಸ್ಥೆಯ ಆ್ಯಪ್‌ನಲ್ಲಿ ನೋಡಿಕೊಂಡು ಕಾಯಬಹುದು.

ಮಧ್ಯಾಹ್ನದ ನಂತರ ಪಶ್ಚಿಮಕ್ಕೆ ಹೋಗುವವರ ಕಣ್ಣಿಗೇ ಬಿಸಿಲು ಹೊಡೆಯುತ್ತದೆ. ಆಗ ಎದುರಿನ ನೋಟವನ್ನು ಬಿಟ್ಟು ಬಲಗಡೆಗೆ ಗಮನ ಕೊಡಿ. ಪ್ಯಾಲಿಸೇಡ್ ಮತ್ತು ಗ್ರ್ಯಾಂಡ್ ಜಂಕ್ಷನ್ ಊರುಗಳ ಉತ್ತರಕ್ಕೆ ಗೋಡೆಯಂತೆ ನಿಂತಿರುವ ಬುಕ್ ಕ್ಲಿಫ್ಸ್ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಸಂಜೆಯ ಓರೆ ಬೆಳಕಿನಲ್ಲಿ ಅದರ ಮಡಿಕೆಗಳೆಲ್ಲ ತೆರೆದುಕೊಳ್ಳುತ್ತವೆ.

ರಾತ್ರಿಯ ತಂಗುವಿಕೆಗೆ ಯೂಟಾದ ಗ್ರೀನ್ ರಿವರ್ ಊರನ್ನು ಸೂಚಿಸುತ್ತೇನೆ. ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಸ್ಯಾನ್ ರಫಾಯೆಲ್ ರೀಫ್ ಎಂಬ, ಪೂರ್ವಕ್ಕೆ ವಾಲಿದ ಬೃಹತ್ ಬಂಡೆಗಳ ಸಾಲಿದ್ದು, ಸೂರ್ಯೋದಯದ ಬೆಳಕು ನೇರವಾಗಿ ಅದರ ಮೇಲೆಯೇ ಬೀಳುತ್ತದೆ. ಕೆಂಪು ಕಲ್ಲಿನ ಸಂದುಗಳಲ್ಲಿ ತೆಳುವಾಗಿ ಹಿಮ ಉಳಿದಿರುವ ಬೆಳಗು ಸಿಕ್ಕಿದರೆ ಇಡೀ ದಾರಿಯಲ್ಲಿ ಅದಕ್ಕಿಂತ ಚೆಲುವಾದ ನೋಟವಿಲ್ಲ ಎಂದೇ ನನ್ನ ನಂಬಿಕೆ. ರಸ್ತೆ ಆ ಬಂಡೆಗಳನ್ನು ಸೀಳಿಕೊಂಡು ಸ್ಪಾಟೆಡ್ ವುಲ್ಫ್ ಕಮರಿಯ ಮೂಲಕ ಮೇಲೇರುತ್ತದೆ. ಮುಂದೆ ಘೋಸ್ಟ್ ರಾಕ್, ಈಗಲ್ ಕ್ಯಾನಿಯನ್, ಸಾಲ್ಟ್ ವಾಷ್ ಹೀಗೆ ವ್ಯೂ ಏರಿಯಾಗಳು ಒಂದರ ಹಿಂದೊಂದು ಬರುತ್ತವೆ. ಆದರೆ ಗ್ರೀನ್ ರಿವರ್ ಬಿಟ್ಟ ಮೇಲೆ ಸಲೈನಾ ಊರು ತಲುಪುವ ತನಕ, ನೂರು ಮೈಲಿಗೂ ಮೀರಿದ ದಾರಿಯಲ್ಲಿ ಪೆಟ್ರೋಲ್ ಬಂಕ್ ಆಗಲಿ ಹೋಟೆಲ್ ಆಗಲಿ ಇಲ್ಲ. ಟ್ಯಾಂಕ್ ತುಂಬಿಸಿಕೊಂಡು, ಕುಡಿಯುವ ನೀರು, ತಿಂಡಿ, ಕಂಬಳಿ ಇಟ್ಟುಕೊಂಡೇ ಹೊರಡಬೇಕು.

ಹೊರಡುವ ದಿನದ ಪರೀಕ್ಷೆ

ಕೊಲೊರಾಡೊದಲ್ಲಿ ಡಾಟ್ಸೆರೊ ಮತ್ತು ಮಾರಿಸನ್ ನಡುವಿನ ಐ-70ರಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟೈರುಗಳ ಕುರಿತ ‘ಟ್ರ್ಯಾಕ್ಷನ್’ ಕಾಯ್ದೆ ಜಾರಿಯಲ್ಲಿರುತ್ತದೆ. ಬಾಡಿಗೆ ಕಾರು ಪಡೆಯುವವರು ಟೈರು ಹಿಮಕ್ಕೆ ತಕ್ಕದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಹೊರಡುವ ಬೆಳಿಗ್ಗೆ ಎರಡೂ ರಾಜ್ಯಗಳ ಸಾರಿಗೆ ಇಲಾಖೆಗಳ ರಸ್ತೆ ಕ್ಯಾಮೆರಾಗಳನ್ನು ನೋಡಿ. ರಸ್ತೆ ತೆರೆದಿದೆಯೇ ಎಂಬುದರ ಜೊತೆಗೆ ಎಲ್ಲಿ ಹೊಸ ಹಿಮವಿದೆ, ಎಲ್ಲಿ ಮೋಡ ಕವಿದಿದೆ ಎಂಬುದೂ ಅವುಗಳಲ್ಲಿ ಕಾಣುತ್ತದೆ. ಕಮರಿಯಲ್ಲಿ ಮೋಡವಿದ್ದರೆ ಆ ಸಮಯವನ್ನು ಬುಕ್ ಕ್ಲಿಫ್ಸ್‌ಗೆ ಉಳಿಸಿಕೊಳ್ಳಬಹುದು. ದಿನಕ್ಕೆ ನಾಲ್ಕೈದು ತಾಣಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕೊನೆಯವು ಕತ್ತಲಿಗೆ ಸಿಕ್ಕಿಬೀಳುತ್ತವೆ, ಮತ್ತು ಕತ್ತಲಲ್ಲಿ ಹಿಮಗಡ್ಡೆಯ ರಸ್ತೆಯಲ್ಲಿ ಅವಸರಪಡುವ ಪರಿಸ್ಥಿತಿ ಬರುತ್ತದೆ.

ಕಾರಿನಿಂದ ಇಳಿದ ಮೇಲೆ

ಕ್ಯಾಮೆರಾದ ಬೆಳಕಿನ ಅಳತೆ ಹಿಮದ ಬಿಳುಪನ್ನು ತಪ್ಪಾಗಿ ತಿಳಿದು ಚಿತ್ರವನ್ನು ಬೂದುಬಣ್ಣಕ್ಕೆ ತಗ್ಗಿಸುತ್ತದೆ. ಚೌಕಟ್ಟಿನ ಬಹುಭಾಗ ಹಿಮವೇ ಇದ್ದರೆ ಎಕ್ಸ್‌ಪೋಷರ್ ಅನ್ನು, ಅಂದರೆ ಕ್ಯಾಮೆರಾ ಒಳಗೆ ತೆಗೆದುಕೊಳ್ಳುವ ಬೆಳಕನ್ನು, ಒಂದರಿಂದ ಒಂದೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಿ. ಮೊಬೈಲ್‌ನಲ್ಲಾದರೆ ಪರದೆಯನ್ನು ಮುಟ್ಟಿ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿದರೆ ಸಾಕು. ಚಳಿಗೆ ಬ್ಯಾಟರಿ ಬೇಗ ಬರಿದಾಗುವುದರಿಂದ ಇನ್ನೊಂದನ್ನು ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಲೆನ್ಸ್ ಮೇಲೆ ಬಿದ್ದ ಹಿಮವನ್ನು ಬಾಯಿಂದ ಊದಿದರೆ ಉಸಿರಿನ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ, ಬ್ರಷ್‌ನಿಂದ ಕೊಡವಿ.

ತಣ್ಣಗಾದ ಕ್ಯಾಮೆರಾವನ್ನು ಹೋಟೆಲ್ ಕೋಣೆಯ ಬೆಚ್ಚನೆಯ ಗಾಳಿಗೆ ಒಮ್ಮೆಲೇ ಒಡ್ಡಿದರೆ ಒಳಗೂ ಹೊರಗೂ ನೀರ ಹನಿ ಕಟ್ಟುತ್ತದೆ. ಬಾಗಿಲು ದಾಟುವ ಮೊದಲೇ ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿಯಾಡದಂತೆ ಮುಚ್ಚಿ, ಕೋಣೆಯ ಬಿಸಿಗೆ ಹೊಂದಿಕೊಳ್ಳುವ ತನಕ ಒಂದೆರಡು ಗಂಟೆ ತೆರೆಯದೆ ಬಿಡಬೇಕು. ಅಂದು ತೆಗೆದ ಚಿತ್ರಗಳನ್ನು ರಾತ್ರಿಯೇ ಮನೆಮಂದಿಗೆ ತೋರಿಸುವ ಆತುರವಿದ್ದರೆ, ಚೀಲಕ್ಕೆ ಹಾಕುವ ಮುನ್ನ ಮೆಮೊರಿ ಕಾರ್ಡನ್ನೂ ಚಾರ್ಜ್ ಮಾಡಬೇಕಾದ ಬ್ಯಾಟರಿಯನ್ನೂ ಹೊರಗೆ ತೆಗೆದಿಟ್ಟುಕೊಳ್ಳಿ.