ತಲೆಗೆ ಎಷ್ಟು ಪಾಸ್ತಾ ಹಾಕಬೇಕು?

ಕೊಡಗಿನ ಹೋಂಸ್ಟೇ ಅಡುಗೆಮನೆಗಳಲ್ಲಿ ಈಗ ನೂಪುಟ್ಟಿನ ಅಚ್ಚಿನ ಪಕ್ಕದಲ್ಲೇ ಪಾಸ್ತಾ ಪ್ಯಾಕೆಟ್ ಕೂತಿರುತ್ತದೆ. ಬೆಂಗಳೂರಿನಿಂದ ಬಂದ ಅತಿಥಿಗಳಿಗೆ ಪಂದಿ ಕರಿ, ಕಡಂಬುಟ್ಟು ಬೇಕು. ಅವರ ಮಕ್ಕಳಿಗೆ ಪಾಸ್ತಾ ಬೇಕು. ಹಾಸ್ಟೆಲಿನಿಂದ ರಜೆಗೆ ಬಂದ ನಮ್ಮ ಮನೆ ಮಕ್ಕಳದ್ದೂ ಅದೇ ಹಟ. ಮಾಡುವುದೇನೂ ಕಷ್ಟವಲ್ಲ, ನೀರು ಕುದಿಸಲು ಬಂದರೆ ಸಾಕು. ಎಷ್ಟು ಹಾಕಬೇಕು ಅನ್ನುವಲ್ಲಿ ಮಾತ್ರ ಎಲ್ಲರೂ ತಡವರಿಸುತ್ತಾರೆ. ಒಂದೋ ಪಾತ್ರೆ ತುಂಬಾ ಉಳಿಯುತ್ತದೆ, ಇಲ್ಲವೇ ಕೊನೆಗೆ ಕೂತವರಿಗೆ ಬರೀ ಸಾಸ್.

ಕಾರಣ ಸರಳ. ನಮ್ಮ ಕೈಗೆ ಗೊತ್ತಿರುವುದು ಅಕ್ಕಿಯ ಅಂದಾಜು. 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಲೋಟದಲ್ಲಿ ಸುಮಾರು 160 ಗ್ರಾಂ ಅಕ್ಕಿ ಕೂರುತ್ತದೆ. ಬೆಂದ ಮೇಲೆ ಅದು ಹತ್ತಿರ ಹತ್ತಿರ ಮೂರು ಪಟ್ಟು ತೂಗುತ್ತದೆ. ಅದೇ ಲೋಟಕ್ಕೆ ಪೆನ್ನೆ, ಅಂದರೆ ಕೊಳವೆಯಾಕಾರದ ಪಾಸ್ತಾ ತುಂಬಿ ನೋಡಿ. ಕೊಳವೆಯ ಒಳಗೂ ಗಾಳಿ, ಕೊಳವೆಗಳ ನಡುವೆಯೂ ಗಾಳಿ. ಹಿಡಿಯುವುದು 70 ಗ್ರಾಂ ಆಸುಪಾಸು ಮಾತ್ರ. ಬೆಂದಾಗ ಅದು ಎರಡು ಪಟ್ಟು, ಹೆಚ್ಚೆಂದರೆ ಇನ್ನು ಸ್ವಲ್ಪ ಜಾಸ್ತಿ ಆಗುತ್ತದೆ. ಅಂದರೆ ಒಂದು ಲೋಟ ಅಕ್ಕಿಯಿಂದ ಬರುವ ಅನ್ನದ ಮೂರನೇ ಒಂದು ಭಾಗದಷ್ಟು ಪಾಸ್ತಾ ಮಾತ್ರ ಒಂದು ಲೋಟದಿಂದ ಬರುತ್ತದೆ. ಒಮ್ಮೆ ಸಾಲದೆ ಹೋದರೆ ಮುಂದಿನ ಸಲ ಭಯಕ್ಕೆ ಇಡೀ ಪ್ಯಾಕೆಟ್ ಸುರಿಯುವುದು, ಆಮೇಲೆ ಎರಡು ದಿನ ಅದನ್ನೇ ತಿನ್ನುವುದು. ಇದು ಹೆಚ್ಚಿನ ಮನೆಗಳ ಕಥೆ.

ಆದ್ದರಿಂದ ಮೊದಲ ಕೆಲಸ, ಲೋಟದ ಲೆಕ್ಕ ಬಿಟ್ಟು ತೂಕದ ಲೆಕ್ಕಕ್ಕೆ ಬರುವುದು. ತೂಕ ಅಂದರೆ ಬೇಯಿಸುವ ಮೊದಲಿನ ಒಣ ಪಾಸ್ತಾದ ತೂಕ. ಬೆಂದ ಪಾಸ್ತಾ ತೂಗಿ ಲೆಕ್ಕ ಹಾಕಲು ಹೋಗಬೇಡಿ. ಎಷ್ಟು ಹೊತ್ತು ಬೆಂದಿದೆ ಅನ್ನುವುದರ ಮೇಲೆ ಅದು ಕುಡಿದ ನೀರು ಬದಲಾಗುತ್ತದೆ.

80 ಗ್ರಾಂನಿಂದ ಶುರು ಮಾಡಿ

ದೊಡ್ಡವರೊಬ್ಬರಿಗೆ 80 ಗ್ರಾಂ ಒಣ ಪಾಸ್ತಾ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಇಟಲಿಯ ಆಹಾರ ಮಾರ್ಗಸೂಚಿಯಲ್ಲೂ ಒಬ್ಬರ ಪಾಲು ಇಷ್ಟೇ. ಆದರೆ ಅಲ್ಲಿ ಪಾಸ್ತಾ ಊಟದ ಮೊದಲ ಸುತ್ತು, ಅದಾದ ಮೇಲೆ ಮೀನೋ ಮಾಂಸವೋ ಬರುತ್ತದೆ. ಹಾಗಿದ್ದೂ 80 ಗ್ರಾಂ ತಿನ್ನುತ್ತಾರೆ ಅಂದರೆ ಅವರ ಹಸಿವನ್ನು ಮೆಚ್ಚಲೇಬೇಕು. ಅಮೆರಿಕದ ಪ್ಯಾಕೆಟ್‌ಗಳ ಮೇಲೆ ಒಂದು ಪಾಲು ಅಂದರೆ 56 ಗ್ರಾಂ. ಅಲ್ಲಿನ ತೂಕದಲ್ಲಿ ಅದು ಎರಡು ಔನ್ಸ್. ಯೂಟ್ಯೂಬ್ ನೋಡಿ ಅಡುಗೆ ಮಾಡುವವರು ಗೊಂದಲಕ್ಕೆ ಬೀಳುವುದು ಇಲ್ಲೇ. ‘ನಾಲ್ಕು ಜನಕ್ಕೆ’ ಅನ್ನುವ ಒಂದು ವಿಡಿಯೋದಲ್ಲಿ ಕಾಲು ಕಿಲೋ ಇರುತ್ತದೆ, ಇನ್ನೊಂದರಲ್ಲಿ 400 ಗ್ರಾಂ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ಊಟದ ಕ್ರಮ ಬೇರೆ ಅಷ್ಟೇ.

ನಮ್ಮಲ್ಲಿ ಸಿಗುವ ಪ್ಯಾಕೆಟ್ ಹೆಚ್ಚಾಗಿ 500 ಗ್ರಾಂನದ್ದು. ಆರು ಜನಕ್ಕೆ ಒಂದು ಪ್ಯಾಕೆಟ್, ಮೂರು ಜನಕ್ಕೆ ಅರ್ಧ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಪ್ಯಾಕೆಟ್ ತರುವಾಗ ತೂಕವನ್ನೊಮ್ಮೆ ಓದಿಕೊಳ್ಳಿ, 400 ಗ್ರಾಂನದ್ದೂ ಇರುತ್ತದೆ. ಆಗ ಐದು ಜನ.

ತಕ್ಕಡಿ ಇಲ್ಲದಿದ್ದರೆ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹೋಂಸ್ಟೇ ನಡೆಸುವವರು ತಗೊಳ್ಳಿ ಅಂತಲೇ ನಾನು ಹೇಳುವುದು. ಬೇಡ ಅನ್ನುವವರು ನಿಮ್ಮದೇ ಲೋಟಕ್ಕೆ ಲೆಕ್ಕ ಕಟ್ಟಿಕೊಳ್ಳಬಹುದು. ಹೊಸ ಪ್ಯಾಕೆಟ್ ಒಡೆದು, ದಿನಾ ಬಳಸುವ ಲೋಟದಿಂದ ಡಬ್ಬಕ್ಕೆ ಅಳೆದು ಹಾಕಿ. ಎಷ್ಟು ಲೋಟ ಆಯಿತು ಎಣಿಸಿ. ಆರು ಲೋಟ ಬಂದರೆ ತಲೆಗೊಂದು ಲೋಟ ಸರಿಯಾಯಿತು. ಏಳು ಬಂದರೆ ಲೋಟದ ಮೇಲೆ ಇನ್ನೊಂದು ಸಣ್ಣ ಹಿಡಿ. ಡಬ್ಬದ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟರೆ ನಿಮ್ಮ ಬದಲು ಬೇರೆಯವರು ಒಲೆ ಮುಂದೆ ನಿಂತಾಗಲೂ ಅಳತೆ ತಪ್ಪುವುದಿಲ್ಲ.

ಒಂದು ಎಚ್ಚರಿಕೆ. ಈ ಲೋಟದ ಲೆಕ್ಕ ಒಂದೊಂದು ಆಕಾರಕ್ಕೆ ಒಂದೊಂದು. ಸಣ್ಣ ಬಾಗಿದ ಮ್ಯಾಕರೋನಿ ಒತ್ತಾಗಿ ಕೂರುತ್ತದೆ, 200 ಮಿಲಿ ಲೋಟದಲ್ಲಿ 90 ಗ್ರಾಂ ದಾಟುತ್ತದೆ. ಸುರುಳಿಯ ಫುಸಿಲ್ಲಿ 60 ಗ್ರಾಂನಲ್ಲೇ ಲೋಟ ತುಂಬಿಸುತ್ತದೆ. ಪೆನ್ನೆ ಇವೆರಡರ ನಡುವೆ. ಪೆನ್ನೆಗೆ ಕಟ್ಟಿಕೊಂಡ ಲೆಕ್ಕದಲ್ಲಿ ಮ್ಯಾಕರೋನಿ ಹಾಕಿದರೆ ಪ್ರತಿ ಮೂರು ಜನರ ಅಡುಗೆಯಲ್ಲಿ ಹತ್ತಿರ ಹತ್ತಿರ ಒಬ್ಬರ ಊಟ ಉಳಿಯುತ್ತದೆ.

ಸ್ಪಾಗೆಟ್ಟಿ ಲೋಟಕ್ಕೆ ಇಳಿಯುವುದಿಲ್ಲ. ಅದಕ್ಕೆ ಜೇಬಿನಲ್ಲೇ ಅಳತೆ ಇದೆ. ಒಂದು ರೂಪಾಯಿ ನಾಣ್ಯ ತೆಗೆದುಕೊಳ್ಳಿ. ಸ್ಪಾಗೆಟ್ಟಿ ಕಡ್ಡಿಗಳನ್ನು ಬಿಗಿಯಾಗಿ ಹಿಡಿದು, ತುದಿಗಳನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡಿ. ಆ ಕಟ್ಟಿನ ತುದಿ ನಾಣ್ಯದಷ್ಟು ಅಗಲ ಬಂದರೆ ಒಬ್ಬರ ಪಾಲು. ಇತ್ತೀಚಿನ ಒಂದು ರೂಪಾಯಿ ನಾಣ್ಯ 20 ಮಿಲಿಮೀಟರ್ ಅಗಲ, ಅದಕ್ಕೆ 80 ಗ್ರಾಂ ಸುಮಾರಿಗೆ ಸರಿಹೋಗುತ್ತದೆ. ಅದಕ್ಕಿಂತ ಹಿಂದಿನ ಸರಣಿಯದ್ದು ಸುಮಾರು 22 ಮಿಲಿಮೀಟರ್, ಅದರಲ್ಲಿ 90 ದಾಟುತ್ತದೆ. ಹಸಿದವರಿಗೆ ಅದೇ ಇರಲಿ.

ಇಬ್ಬರಿಗೆ ಬೇಕು ಅಂತ ಕಟ್ಟಿನ ಅಗಲವನ್ನು ಎರಡು ಪಟ್ಟು ಮಾಡಬೇಡಿ. ಅಗಲ ಎರಡು ಪಟ್ಟಾದರೆ ಕಡ್ಡಿಗಳ ಸಂಖ್ಯೆ ನಾಲ್ಕು ಪಟ್ಟು ಆಗುತ್ತದೆ, ಶಾಲೆಯ ವೃತ್ತದ ಲೆಕ್ಕ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ನೋಡಲು ಸ್ವಲ್ಪವೇ ದೊಡ್ಡದು, ಆದರೆ ಅಷ್ಟು ದಪ್ಪದ ಕಟ್ಟು ಸುಮಾರು ಇಬ್ಬರ ಊಟ. ಕಣ್ಣಂದಾಜಿನಲ್ಲಿ ಸ್ಪಾಗೆಟ್ಟಿ ಜಾಸ್ತಿಯಾಗುವುದು ಇದರಿಂದಲೇ. ನಾಲ್ಕು ಜನಕ್ಕಾದರೆ ಒಂದು ರೂಪಾಯಿ ಕಟ್ಟು ನಾಲ್ಕು ಸಲ ಎತ್ತಿಡಿ, ತಲೆಬಿಸಿ ಇಲ್ಲ.

ಪಕ್ಕದಲ್ಲಿ ಇನ್ನೇನಿದೆ ನೋಡಿ

ನನ್ನ ಪ್ರಕಾರ ಇದೇ ಮುಖ್ಯ. ಪಾಸ್ತಾ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಪಾಸ್ತಾ ಅಲ್ಲ, ಮೇಜಿನ ಮೇಲಿರುವ ಉಳಿದ ಪಾತ್ರೆಗಳು. ಕೊಡಗಿನಲ್ಲಂತೂ ಪಾಸ್ತಾ ಒಂಟಿಯಾಗಿ ಬರುವುದೇ ಅಪರೂಪ. ರಾತ್ರಿ ಊಟಕ್ಕೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಇದೆ, ಕೋಳಿ ಸಾರು ಇದೆ, ಅನ್ನ ಇದೆ, ಮಕ್ಕಳಿಗೆ ಅಂತ ಪಾಸ್ತಾನೂ ಇದೆ. ಹೀಗಿದ್ದಾಗ ತಲೆಗೆ 80 ಗ್ರಾಂ ಹಾಕುವುದು ದುಂದು. ದೊಡ್ಡವರಿಗೆ 30ರಿಂದ 40 ಗ್ರಾಂ ಸಾಕು. ಅವರು ‘ರುಚಿ ನೋಡುತ್ತೇನೆ’ ಅಂತ ಒಂದು ಸೌಟು ಹಾಕಿಸಿಕೊಂಡು ಅಕ್ಕಿ ಒಟ್ಟಿಯ ಕಡೆ ಕೈ ಚಾಚುತ್ತಾರೆ. ನಿಜವಾಗಿ ತಿನ್ನುವ ಮಕ್ಕಳಿಗೆ ಮಾತ್ರ ಪೂರ್ತಿ ಲೆಕ್ಕ. ಏಳೆಂಟು ವರ್ಷದೊಳಗಿನವರಿಗೆ 40ರಿಂದ 50 ಗ್ರಾಂ, ಅದಕ್ಕಿಂತ ದೊಡ್ಡವರಿಗೆ 60ರಿಂದ 70. ಹದಿಹರೆಯದ ಹುಡುಗರನ್ನು ಮಕ್ಕಳ ಪಟ್ಟಿಗೆ ಸೇರಿಸಬೇಡಿ. ಏಪ್ರಿಲ್–ಮೇ ತಿಂಗಳ ಕೊಡವ ಹಾಕಿ ಹಬ್ಬದ ಪಂದ್ಯಗಳ ಸಮಯದಲ್ಲಿ ಆಡಿ ಬಂದವರಿಗೆ ತಲೆಗೆ 120 ಗ್ರಾಂ ಇಟ್ಟರೂ ಪಾತ್ರೆ ಖಾಲಿ.

ಪಾಸ್ತಾವೇ ಪೂರ್ತಿ ಊಟ, ಜೊತೆಗೆ ಹೆಚ್ಚೆಂದರೆ ಸೌತೆಕಾಯಿ ಹೋಳು ಅಂದಾಗ 100 ಗ್ರಾಂ ಹಾಕಿ. ಸೂಪಿಗೆ ಬಿಡುವುದಾದರೆ 25–30 ಗ್ರಾಂ ಸಾಕು, ಅದು ಸಾರಿನಲ್ಲಿ ಕೂತು ಊದಿಕೊಳ್ಳುತ್ತಲೇ ಇರುತ್ತದೆ.

ಸಾಸ್ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಣ್ಣೆ, ಮೈದಾ, ಹಾಲು, ಚೀಸ್ ಹಾಕಿದ ಬಿಳಿ ಸಾಸ್ ಬೇಗ ಹೊಟ್ಟೆ ಕಟ್ಟುತ್ತದೆ, 70 ಗ್ರಾಂಗೇ ಜನ ಸಾಕು ಅನ್ನುತ್ತಾರೆ. ತೋಟದ ಬೆಣ್ಣೆ ಹಣ್ಣು ಅರೆದು ಮಾಡುವ ಸಾಸ್ ಇನ್ನೂ ಗಟ್ಟಿ, ಅಲ್ಲೂ ಅಷ್ಟೇ ಇರಲಿ. ಉಳಿದ ಪಂದಿ ಕರಿಯನ್ನು ಒಣಗಿಸಿ ಪಾಸ್ತಾಗೆ ಬೆರೆಸುವವರಿದ್ದಾರೆ. ಕಾಚಂಪುಳಿಯ ಹುಳಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ, ನಂಬಿ. ಮಾಂಸವೇ ಜಾಸ್ತಿ ಇರುವುದರಿಂದ ಪಾಸ್ತಾ 60 ಗ್ರಾಂ ಸಾಕು. ಟೊಮೆಟೊ ಸಾಸ್, ಅಥವಾ ಬರೀ ಬೆಳ್ಳುಳ್ಳಿ, ಎಣ್ಣೆ, ಮನೆಯದೇ ಕಾಳುಮೆಣಸು ಕುಟ್ಟಿ ಹಾಕಿದ್ದಾದರೆ ಹಗುರ. ಅಲ್ಲಿ 90ರವರೆಗೂ ಹೋಗಬಹುದು. ಮಳೆಗಾಲದಲ್ಲಿ ಕುಮ್ಮು (ಅಣಬೆ) ಸಿಕ್ಕಿ ಅದನ್ನು ಹುರಿದು ಹಾಕಿದರೆ ಲೆಕ್ಕ ಮರೆತುಬಿಡಿ, ಎಲ್ಲರೂ ಎರಡನೇ ಸಲ ಕೇಳುತ್ತಾರೆ.

ಮಡಿಕೇರಿಯ ನೀರು ಬೇಗ ಕುದಿಯುತ್ತದೆ, ಪಾಸ್ತಾ ತಡವಾಗಿ ಬೇಯುತ್ತದೆ

ಅಳತೆ ಸರಿ ಇದ್ದೂ ತಟ್ಟೆಯಲ್ಲಿ ಕಡಿಮೆ ಕಾಣಿಸಿದರೆ ಬೇಯಿಸಿದ್ದು ಸಾಲದೆ ಇರಬಹುದು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ನೀರು 100ರ ಬದಲು 96 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತದೆ. ಎಷ್ಟು ಜೋರು ಉರಿ ಕೊಟ್ಟರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗುವುದಿಲ್ಲ. ಪ್ಯಾಕೆಟ್ ಮೇಲೆ 10 ನಿಮಿಷ ಅಂತಿದ್ದರೆ ಇಲ್ಲಿ ಒಂದೆರಡು ನಿಮಿಷ ಹೆಚ್ಚು ಹಿಡಿಯಬಹುದು. ಗಡಿಯಾರ ನಂಬುವ ಬದಲು ಒಂದು ತುಂಡು ಕಚ್ಚಿ ನೋಡಿ. ನಡುವೆ ಬಿಳಿ ಚುಕ್ಕಿ ಹೋಗಿರಬೇಕು, ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗಬೇಕು. ಆ ಹದದಲ್ಲಿ 80 ಗ್ರಾಂ ಒಣ ಪಾಸ್ತಾ 160ರಿಂದ 180 ಗ್ರಾಂ ಆಗಿರುತ್ತದೆ. ಇನ್ನೂ ಬೇಯಿಸಿದರೆ 200ಕ್ಕೂ ಹೋಗುತ್ತದೆ, ಆದರೆ ಹೆಚ್ಚಿದ್ದು ಬರೀ ನೀರು. ನೋಡಲು ತಟ್ಟೆ ತುಂಬಿರುತ್ತದೆ, ಹಿಟ್ಟು ಅಷ್ಟೇ. ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ ಪಾಸ್ತಾ ಈ ಹದ ಹಿಡಿದುಕೊಳ್ಳುತ್ತದೆ. ಮೈದಾದ ಅಗ್ಗದ ಪಾಸ್ತಾ ಎರಡು ನಿಮಿಷ ಕಣ್ಣು ತಪ್ಪಿಸಿದರೆ ಮುದ್ದೆ.

ನೀರು 100 ಗ್ರಾಂ ಪಾಸ್ತಾಗೆ ಒಂದು ಲೀಟರ್, ಉಪ್ಪು ಲೀಟರಿಗೆ ಒಂದೂವರೆ ಟೀ ಚಮಚ. ನೀರು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಮೊದಲ ಎರಡು ನಿಮಿಷ ಕೈ ಬಿಡದೆ ತಿರುವುತ್ತಿರಬೇಕು ಅಷ್ಟೇ. ಬಸಿಯುವ ಮೊದಲು ಒಂದು ಲೋಟ ಗಂಜಿ ನೀರು ಎತ್ತಿಡಿ. ಯಾರಾದರೂ ಹೆಚ್ಚಿಗೆ ಬಂದು ಕೂತರೆ ಆ ನೀರು ಹಾಕಿ ಸಾಸ್ ಹಿಗ್ಗಿಸಬಹುದು. ಪಾಸ್ತಾವನ್ನು ಹಿಗ್ಗಿಸುವ ಉಪಾಯ ಇಲ್ಲ.

ಇಪ್ಪತ್ತು ಜನ ಬಂದರೆ

ಇಪ್ಪತ್ತನ್ನು 80ರಿಂದ ಗುಣಿಸಿದರೆ 1,600 ಗ್ರಾಂ. ಅಷ್ಟು ಪಾಸ್ತಾವನ್ನು ಒಟ್ಟಿಗೆ ಬೇಯಿಸಲು 16 ಲೀಟರ್ ನೀರು ಬೇಕು. ಬಚ್ಚಲುಮನೆಯ ಹಂಡೆಯನ್ನೇ ಒಲೆಗೆ ಏರಿಸಬೇಕಾದೀತು. ಹಾಗೆ ಮಾಡುವ ಅಗತ್ಯ ಇಲ್ಲ. ಇಪ್ಪತ್ತು ಜನ ಅಂದರೆ ಅಡುಗೆಯೂ ನಾಲ್ಕೈದು ಬಗೆ ಇರುತ್ತದೆ, ಹಾಗಾಗಿ ತಲೆಗೆ 40 ಗ್ರಾಂ, ಒಟ್ಟು 800 ಹಿಡಿಯಿರಿ. ಅದರಲ್ಲೂ ಮೊದಲು 500 ಗ್ರಾಂ ಮಾತ್ರ ಬೇಯಿಸಿ ಇಡಿ. ಇನ್ನೊಂದು ಪಾತ್ರೆಯಲ್ಲಿ ನೀರು ಕುದಿಯುವ ಹತ್ತಿರ ಇರಲಿ. ಪಾತ್ರೆ ಅರ್ಧ ಖಾಲಿಯಾದಾಗ ಉಳಿದ 300 ಹಾಕಿ. ಹತ್ತು ಹನ್ನೆರಡು ನಿಮಿಷದಲ್ಲಿ ಬಿಸಿಬಿಸಿ ಪಾಸ್ತಾ ಮತ್ತೆ ಬರುತ್ತದೆ. ಯಾರೂ ಕೇಳದಿದ್ದರೆ ಒಣ ಪಾಸ್ತಾ ಡಬ್ಬಕ್ಕೆ ವಾಪಸ್. ಒಣ ಪಾಸ್ತಾ ತಿಂಗಳುಗಟ್ಟಲೆ ಇರುತ್ತದೆ, ಬೆಂದದ್ದು ಎರಡು ಮೂರು ದಿನ, ಅದೂ ಫ್ರಿಜ್‌ನಲ್ಲಿ.

ಸಾಸ್ ಪೂರ್ತಿ ಅಳತೆಗೆ ಮೊದಲೇ ಮಾಡಿಟ್ಟುಕೊಳ್ಳಿ, ಅದು ಉಳಿದರೆ ಬ್ರೆಡ್ಡಿಗಾದರೂ ಆಗುತ್ತದೆ. ತಲೆಗೆ 80 ಗ್ರಾಂ ಪಾಸ್ತಾ ಇದ್ದರೆ ಅಷ್ಟೇ ತೂಕದ ಸಾಸ್ ಇಟಲಿಯವರಿಗೆ ಸಾಕು. ನಮ್ಮವರಿಗೆ ಅದು ಒಣ ಒಣ ಅನಿಸುತ್ತದೆ. ಒಂದೂವರೆ ಪಟ್ಟು ಮಾಡಿ.

ಉಳಿದರೆ, ತೆರೆದ ಪ್ಯಾಕೆಟ್ ಇದ್ದರೆ

ಬೆಂದ ಪಾಸ್ತಾ ಉಳಿದರೆ ಒಂದು ಚಮಚ ಎಣ್ಣೆ ಸವರಿ, ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್‌ಗೆ ಇಡಿ. ಕರೆಂಟು ಹೋಗಿ ಬರುವ ಮಳೆಗಾಲದಲ್ಲಿ ಮರುದಿನ ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು. ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನ ಒಗ್ಗರಣೆಯಲ್ಲಿ ಹೊರಳಿಸಿದರೆ ತಿಂಡಿ ಆಯಿತು. ತಿಂಡಿಗೆ ಬೇಕು ಅಂತ ಮೊದಲೇ ಗೊತ್ತಿದ್ದರೆ ರಾತ್ರಿಯೇ ತಲೆಗೆ 50 ಗ್ರಾಂ ಸೇರಿಸಿ ಬೇಯಿಸಿ, ಸಾಸ್ ಹಾಕುವ ಮೊದಲೇ ಅದನ್ನು ತೆಗೆದಿಡಿ.

ಒಡೆದ ಪ್ಯಾಕೆಟ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಶೆಲ್ಫಿನಲ್ಲಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಥಂಡಿಗೆ ಸಾಲದು. ಗಾಳಿಯಾಡದ ಡಬ್ಬಕ್ಕೆ ಹಾಕಿ, ಬೇಯಿಸುವ ವಿಧಾನ ಬರೆದಿರುವ ಪ್ಯಾಕೆಟ್ ತುಂಡನ್ನೂ ಕತ್ತರಿಸಿ ಒಳಗಿಡಿ. ಎರಡು ಆಕಾರದ ಪಾಸ್ತಾವನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಬೇಯುವ ಸಮಯವೂ ಬೇರೆ, ಲೋಟದ ಲೆಕ್ಕವೂ ಬೇರೆ.