ಸಮುದ್ರದ ಬಿಸಿ ನೋಡಿ ಗಾಳಿ, ಮಳೆ ಅಂದಾಜು ಮಾಡುವುದು ಹೇಗೆ?

ಸಮುದ್ರದ ಮೇಲ್ಮೈ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಬಣ್ಣದ ನಕ್ಷೆಗಳು ಈಗ ಮೊಬೈಲ್‌ನಲ್ಲೇ ಸಿಗುತ್ತವೆ. ಕೆಂಪು ಕಂಡಲ್ಲೆಲ್ಲ ಮಳೆ, ನೀಲಿ ಕಂಡಲ್ಲೆಲ್ಲ ಒಣಹವೆ ಅಂತ ಓದಿದರೆ ಲೆಕ್ಕ ತಪ್ಪುತ್ತದೆ. ಉಷ್ಣವಲಯದ ಸಮುದ್ರಗಳ ಮಟ್ಟಿಗೆ ಈ ಕ್ರಮದಲ್ಲಿ ನೋಡಿ.

ಮೊದಲು, ಮುಂದಿರುವುದು ಯಾವ ನಕ್ಷೆ ಅಂತ ತಿಳಿದುಕೊಳ್ಳಿ. ಒಂದು ಬಗೆಯದು ನೀರಿನ ನಿಜವಾದ ತಾಪಮಾನ ತೋರಿಸುತ್ತದೆ. ಇನ್ನೊಂದು, ವಾಡಿಕೆಗಿಂತ ಎಷ್ಟು ಜಾಸ್ತಿ, ಎಷ್ಟು ಕಡಿಮೆ ಎಂಬುದನ್ನಷ್ಟೇ ಹೇಳುತ್ತದೆ. ಸುದ್ದಿಯಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. 22 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕಡೆ 24 ಇದ್ದರೆ ಅಲ್ಲಿ ಕಡುಗೆಂಪು ಬಳಿದಿರುತ್ತಾರೆ. ಆದರೆ ದೊಡ್ಡ ಮಳೆಗೆ 24 ಡಿಗ್ರಿ ಸಾಲುವುದಿಲ್ಲ. 28.5 ಇದ್ದದ್ದು 29 ಆದರೆ ಬಣ್ಣ ತುಸುವೇ ಬದಲಾಗುತ್ತದೆ, ಮೋಡಗಳಿಗೆ ಮಾತ್ರ ಅದು ದೊಡ್ಡ ವಿಷಯ. ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ.

ಆಮೇಲೆ ನಿಜ ತಾಪಮಾನದ ನಕ್ಷೆಯಲ್ಲಿ 27-28 ಡಿಗ್ರಿಯ ಗೆರೆ ಹುಡುಕಿ. ಎತ್ತರದ ಮಳೆಮೋಡಗಳು ಕಟ್ಟುವುದು ಹೆಚ್ಚಾಗಿ ಅದಕ್ಕಿಂತ ಬಿಸಿಯಾದ ನೀರಿನ ಮೇಲೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಬಲ್ಲದು. ಆ ಆವಿ ಮೇಲೇರಿ ಹನಿಯಾಗುವಾಗ ಶಾಖ ಬಿಡುತ್ತದೆ, ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆತ್ತುತ್ತದೆ. ಹಾಗಂತ ಗೆರೆ ದಾಟಿದ ಕೂಡಲೇ ಮಳೆ ಗ್ಯಾರಂಟಿ ಅಲ್ಲ. ಮೇಲಿನಿಂದ ಒಣಗಾಳಿ ಇಳಿಯುತ್ತಿದ್ದರೆ 29 ಡಿಗ್ರಿ ನೀರಿನ ಮೇಲೂ ಮೋಡ ಕಟ್ಟದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ನಾವು ಸುಲಭವಾಗಿ ಮರೆಯುವುದೂ ಇದನ್ನೇ. ಬಿಸಿ ಎಷ್ಟು ಅನ್ನುವುದನ್ನು ಪಕ್ಕಕ್ಕಿಟ್ಟು, ಒಂದು ಕಡೆಗೂ ಇನ್ನೊಂದು ಕಡೆಗೂ ವ್ಯತ್ಯಾಸ ಎಷ್ಟು ಅಂತ ನೋಡಿ. ಬಿಸಿ ನೀರಿನ ಮೇಲೆ ಗಾಳಿಯ ಒತ್ತಡ ತಗ್ಗುತ್ತದೆ, ತಣ್ಣನೆಯ ನೀರಿನ ಮೇಲೆ ಹೆಚ್ಚಿರುತ್ತದೆ. ಗಾಳಿ ಹೆಚ್ಚಿನ ಒತ್ತಡದ ಕಡೆಯಿಂದ ಕಡಿಮೆ ಒತ್ತಡದತ್ತ ಹೊರಡುತ್ತದೆ. ಇಡೀ ಸಮುದ್ರ ಒಂದೇ ಸಮ ಬಿಸಿಯಾದರೆ ಗಾಳಿ ಅಷ್ಟೇನೂ ಬಿರುಸಾಗುವುದಿಲ್ಲ.

ಪೆಸಿಫಿಕ್ ಸಾಗರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪೆರು ಕಡೆ ಆಳದ ತಣ್ಣೀರು ಮೇಲೆ ಬರುತ್ತಿರುತ್ತದೆ. ಇಂಡೊನೇಷ್ಯಾ ಕಡೆ ನೀರು 28 ಡಿಗ್ರಿ ದಾಟಿರುತ್ತದೆ. ಹಾಗಾಗಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಮಳೆ ಇಂಡೊನೇಷ್ಯಾದ ಸುತ್ತ ಸುರಿಯುತ್ತದೆ. ಅದೇ ಗಾಳಿ ಬಿಸಿನೀರನ್ನೂ ಪಶ್ಚಿಮಕ್ಕೆ ತಳ್ಳುತ್ತದೆ, ಪೂರ್ವದಲ್ಲಿ ಇನ್ನಷ್ಟು ತಣ್ಣೀರು ಏಳುತ್ತದೆ, ವ್ಯತ್ಯಾಸ ಹಿಗ್ಗುತ್ತದೆ, ಗಾಳಿ ಇನ್ನೂ ಜೋರಾಗುತ್ತದೆ. ಬೀಜ ಮೊದಲೋ ಮರ ಮೊದಲೋ ಎಂಬ ಹಾಗೆ, ಅಲ್ವಾ? ಈ ಚಕ್ರಕ್ಕೆ ಗಿಲ್ಬರ್ಟ್ ವಾಕರ್ ಅವರ ಹೆಸರಿದೆ. ಅವರು 1904ರಿಂದ 1924ರವರೆಗೆ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದರು. ಗಾಳಿ ಸೋತರೆ ಎಲ್ಲವೂ ತಿರುಗಾಮುರುಗಾ. ಬಿಸಿನೀರು ಪೂರ್ವಕ್ಕೆ ಸರಿದು, ಹಿಂದೆಯೇ ಮಳೆಯೂ ಹೋಗುತ್ತದೆ. ಅದೇ ಎಲ್‌ನಿನೊ.

ಹಿಂದೂ ಮಹಾಸಾಗರಕ್ಕೂ ಇದೇ ಲೆಕ್ಕ. ಆಫ್ರಿಕಾ ಕಡೆಯ ನೀರನ್ನು ಸುಮಾತ್ರಾ ಕಡೆಯದರ ಜೊತೆ ಹೋಲಿಸಿ. 2019ರಲ್ಲಿ ಆಫ್ರಿಕಾ ಕಡೆ ವಾಡಿಕೆಗಿಂತ ಬಿಸಿ, ಸುಮಾತ್ರಾ ಕಡೆ ತಂಪು ಇತ್ತು. ಪೂರ್ವ ಆಫ್ರಿಕಾದಲ್ಲಿ ಪ್ರವಾಹ ಬಂತು, ಆಸ್ಟ್ರೇಲಿಯಾ ಒಣಗಿತು.

ಚಂಡಮಾರುತದ ವಿಷಯಕ್ಕೆ ಬಂದರೆ ಮೇಲ್ಮೈ ನಕ್ಷೆ ಒಂದೇ ಸಾಲದು. ಅದಕ್ಕೆ ಸುಮಾರು 26.5 ಡಿಗ್ರಿ ಬೇಕು ಅನ್ನುತ್ತಾರೆ, ಸರಿ. ಆದರೆ ಬಿಸಿನೀರಿನ ಪದರ ತೆಳ್ಳಗಿದ್ದರೆ ಬಿರುಗಾಳಿಯೇ ಕೆಳಗಿನ ತಣ್ಣೀರನ್ನು ಕಲಕಿ ತನ್ನ ಬಲ ಕಳೆದುಕೊಳ್ಳುತ್ತದೆ. ಆಳದ ಲೆಕ್ಕ ಬೇಕಿದ್ದರೆ, 2000 ಮೀಟರ್‌ವರೆಗೆ ಮುಳುಗಿ ಅಳೆದು ಬರುವ ಆರ್ಗೊ ತೇಲುಯಂತ್ರಗಳ ಮಾಹಿತಿ ನೋಡಬೇಕು.

ಕೊನೆಗೆ ದಿನಾಂಕ. ದಟ್ಟ ಮೋಡ ಬಿಸಿಲು ತಡೆಯುತ್ತದೆ, ಜೋರು ಗಾಳಿ ನೀರನ್ನು ಕಲಕುತ್ತದೆ. ಆದ್ದರಿಂದ ವಾರವಿಡೀ ಮಳೆ ಸುರಿದ ಜಾಗ ಆಮೇಲೆ ನಕ್ಷೆಯಲ್ಲಿ ತಂಪಾಗಿಯೇ ಕಾಣಬಹುದು. ಅಂಥ ನೀಲಿ ಕಲೆ ಕಂಡರೆ ಎರಡು ವಾರ ಹಿಂದಿನ ನಕ್ಷೆಯನ್ನೂ ತೆಗೆದು ನೋಡಿ.